ಗಂಭೀರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ನಳಿಕೆ ಆಹಾರ ಹಿಡಿಸುವುದೇ? ಮೊದಲೇ ತಿಳಿಯುವುದು ಹೇಗೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಕಡೆಯ ರೋಗಿಗಳ ಮನೆಯವರು ಐಸಿಯು ಬಾಗಿಲಲ್ಲಿ ಕೇಳುವ ಪ್ರಶ್ನೆಗಳೂ ಅಲ್ಲಿ ಕೆಲಸ ಮಾಡುವ ನರ್ಸ್‌ಗಳು, ಕಿರಿಯ ವೈದ್ಯರು ಕೇಳುವ ಪ್ರಶ್ನೆಗಳೂ ಇಲ್ಲಿ ಒಟ್ಟಿಗೇ ಇವೆ. ಕೆಲವು ಉತ್ತರಗಳು ಮನೆಯವರಿಗೆ, ಕೆಲವು ಹಾಸಿಗೆ ಪಕ್ಕ ನಿಂತು ಕೆಲಸ ಮಾಡುವವರಿಗೆ. ಔಷಧಿಯ ಪ್ರಮಾಣ ಓದಿ ಯಾರೂ ತಾವಾಗಿ ಕೊಡಬಾರದು. ನಿರ್ಧಾರ ರೋಗಿಯನ್ನು ಕಣ್ಣಾರೆ ನೋಡುತ್ತಿರುವ ವೈದ್ಯರದ್ದು.

ಪ್ಯಾಂಕ್ರಿಯಾಟೈಟಿಸ್ ಯಾವಾಗ ‘ಗಂಭೀರ’?

ಮೇದೋಜೀರಕ ಗ್ರಂಥಿಯ ಉರಿಯೂತದ ಜೊತೆಗೆ ಶ್ವಾಸಕೋಶ, ಮೂತ್ರಪಿಂಡ ಅಥವಾ ರಕ್ತ ಪರಿಚಲನೆ ಸೋತು, ಆ ಸೋಲು 48 ಗಂಟೆ ದಾಟಿಯೂ ಉಳಿದರೆ ಅದು ಗಂಭೀರ. 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ಹೇಳುವುದು ಇದನ್ನೇ. ರಕ್ತಪರೀಕ್ಷೆಯಲ್ಲಿ ಮೇದೋಜೀರಕದ ಕಿಣ್ವಗಳಾದ ಅಮೈಲೇಸ್ ಅಥವಾ ಲೈಪೇಸ್ ಎಷ್ಟು ಸಾವಿರ ಬಂತು ಎಂಬುದರಿಂದ ಗಂಭೀರತೆ ಗೊತ್ತಾಗುವುದಿಲ್ಲ. ಆಹಾರ ಹಿಡಿಸುತ್ತದೆಯೇ ಎಂಬುದೂ ಅದರಿಂದ ತಿಳಿಯದು.

ಗ್ರಂಥಿಗೆ ವಿಶ್ರಾಂತಿ ಬೇಕು, ಏನೂ ಕೊಡಬೇಡಿ ಅನ್ನುತ್ತಿದ್ದರಲ್ಲ?

ಹಿಂದೆ ಹಾಗೆಯೇ ಮಾಡುತ್ತಿದ್ದರು. ಆದರೆ ಕರುಳು ಖಾಲಿ ಉಳಿದರೆ ಅದರ ಒಳಪದರ ಸೊರಗುತ್ತದೆ, ಕರುಳಿನ ಬ್ಯಾಕ್ಟೀರಿಯಾ ಆ ಗೋಡೆ ದಾಟಿ ಸತ್ತ ಮೇದೋಜೀರಕ ಭಾಗಕ್ಕೆ ಸೋಂಕು ತಗಲಿಸುವ ಸಾಧ್ಯತೆ ಹೆಚ್ಚುತ್ತದೆ. ಪೋಷಣೆಯನ್ನೆಲ್ಲ ರಕ್ತನಾಳದ ಮೂಲಕವೇ ಕೊಟ್ಟವರಿಗಿಂತ ಕರುಳಿನ ಮೂಲಕ ಕೊಟ್ಟವರಲ್ಲಿ ಸೋಂಕು ಕಡಿಮೆ. ಹಾಗಾಗಿ ಬಾಯಿಂದ ತಿನ್ನಲಾಗದ ರೋಗಿಗೆ 24ರಿಂದ 72 ಗಂಟೆಯೊಳಗೆ ನಳಿಕೆ ಆಹಾರ (ಫೀಡ್) ಶುರು ಮಾಡುವುದು ಈಗಿನ ಪದ್ಧತಿ. 24 ಗಂಟೆಯೊಳಗೇ ಹಾಕಲೇಬೇಕು ಎಂಬ ಧಾವಂತವೂ ಬೇಡ. 2014ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪೈಥಾನ್ ಅಧ್ಯಯನದಲ್ಲಿ 24 ಗಂಟೆಯೊಳಗೆ ನಳಿಕೆ ಹಾಕಿದವರಿಗೂ, 72 ಗಂಟೆ ಕಾದು ಬಾಯಿಂದ ಕೊಟ್ಟು ಬೇಕಾದರೆ ಮಾತ್ರ ನಳಿಕೆ ಹಾಕಿದವರಿಗೂ ಸೋಂಕಿನಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

‘ಫೀಡ್ ಹಿಡಿಸುತ್ತಿಲ್ಲ’ ಎಂದು ಯಾವಾಗ ಹೇಳಬೇಕು?

ಒಂದು ಸಲ ವಾಂತಿಯಾಯಿತು ಎಂದಾಕ್ಷಣ ಅಲ್ಲ. ಯುರೋಪಿನ ತೀವ್ರ ನಿಗಾ ತಜ್ಞರು 2012ರಲ್ಲಿ ಕೊಟ್ಟ ವ್ಯಾಖ್ಯೆ ಕೆಲಸಕ್ಕೆ ಬರುತ್ತದೆ: 72 ಗಂಟೆ ಪ್ರಯತ್ನಿಸಿದರೂ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 20 ಕಿಲೋಕ್ಯಾಲರಿ ಮುಟ್ಟಲಾಗದಿದ್ದರೆ, ಅಥವಾ ವಾಂತಿ, ಹೊಟ್ಟೆ ಉಬ್ಬರ, ಭೇದಿಯಂಥ ಕಾರಣಕ್ಕೆ ಫೀಡ್ ನಿಲ್ಲಿಸಬೇಕಾಗಿ ಬಂದರೆ ಅದು ಹಿಡಿಸದಿರುವುದು. 60 ಕಿಲೋ ತೂಕದವರಿಗೆ ಆ ಮಟ್ಟ 1200 ಕಿಲೋಕ್ಯಾಲರಿ. ಮಿಲಿಲೀಟರಿಗೆ 1 ಕಿಲೋಕ್ಯಾಲರಿ ಇರುವ ಫೀಡ್ ಆದರೆ ಗಂಟೆಗೆ 50 ಮಿ.ಲೀ., ದಿನವಿಡೀ.

ಸ್ಕ್ಯಾನ್‌ಗೆ ಕರೆದೊಯ್ಯಲು, ನಳಿಕೆ ಕಟ್ಟಿಕೊಂಡಿದ್ದಕ್ಕೆ, ಫೀಡ್ ಡಬ್ಬಿ ಖಾಲಿಯಾದದ್ದಕ್ಕೆ ನಿಂತ ಗಂಟೆಗಳನ್ನು ಇದರಲ್ಲಿ ಸೇರಿಸಬೇಡಿ. ಚಾರ್ಟ್‌ನಲ್ಲಿ ‘ಫೀಡ್ ಹೋಲ್ಡ್’ ಎಂದಷ್ಟೇ ಬರೆದು ಕಾರಣ ಬಿಟ್ಟರೆ, ಮರುದಿನ ಬೆಳಿಗ್ಗೆ ಬಂದವರು ಕರುಳೇ ಕೆಲಸ ಮಾಡುತ್ತಿಲ್ಲ ಎಂದು ತಪ್ಪು ತಿಳಿಯುತ್ತಾರೆ. ನಿಲ್ಲಿಸಿದ ಪ್ರತಿ ಸಲವೂ ಸಮಯ ಮತ್ತು ಕಾರಣ ಬರೆಯಲೇಬೇಕು.

ಈ ಕಾಯಿಲೆಯಲ್ಲೇ ಇದು ಯಾಕೆ ಇಷ್ಟು ಸಾಮಾನ್ಯ?

ಹೊಟ್ಟೆ ಮತ್ತು ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಮೇದೋಜೀರಕಕ್ಕೆ ಅಂಟಿಕೊಂಡಂತೆಯೇ ಇವೆ. ಗ್ರಂಥಿಯ ತಲೆಭಾಗ ಊದಿದರೆ, ಸುತ್ತ ದ್ರವ ಶೇಖರವಾದರೆ, ಹೊಟ್ಟೆ ಖಾಲಿಯಾಗುವ ದಾರಿಯೇ ಕಿರಿದಾಗುತ್ತದೆ. ಉರಿಯೂತದಿಂದ ರಕ್ತನಾಳಗಳು ಸೋರಿ ಕರುಳಿನ ಗೋಡೆ ನೀರು ತುಂಬಿ ದಪ್ಪವಾಗುತ್ತದೆ. ಆಮೇಲೆ ನಾವೇ ಕೊಡುವ ಚಿಕಿತ್ಸೆಗಳ ಪಾಲೂ ಇದೆ: ನೋವಿಗೆ ಕೊಡುವ ಮಾರ್ಫಿನ್, ಫೆಂಟಾನಿಲ್ ಕರುಳಿನ ಚಲನೆ ತಗ್ಗಿಸುತ್ತವೆ, ಅತಿಯಾಗಿ ಹರಿಸಿದ ಸಲೈನ್ ಊತ ಹೆಚ್ಚಿಸುತ್ತದೆ. 2022ರ ವಾಟರ್‌ಫಾಲ್ ಅಧ್ಯಯನದಲ್ಲಿ ಧಾರಾಳವಾಗಿ ದ್ರವ ಕೊಟ್ಟವರಲ್ಲಿ ಶೇ 20.5 ಮಂದಿಗೆ, ಮಿತವಾಗಿ ಕೊಟ್ಟವರಲ್ಲಿ ಶೇ 6.3 ಮಂದಿಗೆ ದ್ರವ ಮಿತಿಮೀರಿತು. ಕಾಯಿಲೆ ಗುಣವಾಗುವುದರಲ್ಲಿ ಲಾಭವೂ ಕಾಣದೆ, ಈ ಅಪಾಯದ ಕಾರಣಕ್ಕೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಅದರಲ್ಲಿ ಇದ್ದವರು ಮೊದಲಿಗೆ ಗಂಭೀರ ಸ್ಥಿತಿಯಲ್ಲಿ ಇಲ್ಲದವರು ಎಂಬುದು ನೆನಪಿರಲಿ. ಆದರೂ ಪಾಠ ಐಸಿಯುಗೂ ಅನ್ವಯಿಸುತ್ತದೆ.

ಫೀಡ್ ಶುರುಮಾಡುವ ಮೊದಲೇ ಯಾವ ಗುರುತುಗಳನ್ನು ನೋಡಬೇಕು?

ಒಂದನ್ನೇ ಆರಿಸಿ ಎಂದರೆ ನಾವು ಹೊಟ್ಟೆಯೊಳಗಿನ (ಜಠರದ್ದಲ್ಲ, ಇಡೀ ಉದರದ) ಒತ್ತಡವನ್ನು ಆರಿಸುತ್ತೇವೆ. ಅದರಲ್ಲೂ ಒಂದು ಸಲದ ಅಂಕಿಗಿಂತ ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಮುಖ್ಯ. ತೀವ್ರ ನಿಗಾದಲ್ಲಿರುವವರಿಗೆ 5ರಿಂದ 7 ಮಿ.ಮೀ. ಪಾದರಸ ಸಾಮಾನ್ಯ. 12 ಮತ್ತು ಅದಕ್ಕಿಂತ ಮೇಲಾದರೆ ಒತ್ತಡ ಹೆಚ್ಚಿದೆ ಎಂದರ್ಥ. 15 ದಾಟಿದರೆ ಫೀಡ್ ಕೊಡುವ ರೀತಿಯನ್ನೇ ಬದಲಿಸಬೇಕು. 20 ದಾಟಿ ಹೊಸದಾಗಿ ಅಂಗವೊಂದು ಸೋತರೆ ಅದು ತುರ್ತು ಸ್ಥಿತಿ.

ಅದರ ನಂತರ ರೋಗದ ಒಟ್ಟು ಭಾರ. ವೆಂಟಿಲೇಟರ್, ರಕ್ತದೊತ್ತಡ ಎತ್ತಿಹಿಡಿಯಲು ಏರಿಸುತ್ತಿರುವ ನಾರ್‌ಅಡ್ರಿನಲಿನ್, ಹೆಚ್ಚಿನ ಅಪಾಚೆ-2 ಅಂಕ, ಬೈಸಾಪ್ 3 ಅಥವಾ ಹೆಚ್ಚು (ಎರಡೂ ರೋಗದ ತೀವ್ರತೆ ಅಳೆಯುವ ಅಂಕಪಟ್ಟಿಗಳು). ಇವು ಇದ್ದವರಲ್ಲಿ ಫೀಡ್ ಹಿಡಿಸದಿರುವುದು ಹೆಚ್ಚು. ಬೈಸಾಪ್‌ಗೆ ದೊಡ್ಡ ಲ್ಯಾಬ್ ಬೇಕಿಲ್ಲ: ರಕ್ತದ ಯೂರಿಯಾ ನೈಟ್ರೋಜನ್ 25 ಮಿ.ಗ್ರಾಂ.ಗಿಂತ ಮೇಲೆ, ಪ್ರಜ್ಞೆಯಲ್ಲಿ ಏರುಪೇರು, ಮೈಯೆಲ್ಲ ಉರಿಯೂತದ ಲಕ್ಷಣ, 60 ದಾಟಿದ ವಯಸ್ಸು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಸುತ್ತ ನೀರು – ಒಂದೊಂದಕ್ಕೆ ಒಂದು ಅಂಕ. ಇಲ್ಲೊಂದು ಎಡವಟ್ಟು ಆಗಾಗ ಆಗುತ್ತದೆ. ನಮ್ಮ ಲ್ಯಾಬ್‌ಗಳು ಸಾಮಾನ್ಯವಾಗಿ ಕೊಡುವುದು ಯೂರಿಯಾ, ಯೂರಿಯಾ ನೈಟ್ರೋಜನ್ ಅಲ್ಲ. ಯೂರಿಯಾವನ್ನು 2.14ರಿಂದ ಭಾಗಿಸಿ. ನೈಟ್ರೋಜನ್ 25 ಅಂದರೆ ಯೂರಿಯಾ ಸುಮಾರು 54.

ಮೂರನೆಯದು ಸರಿಪಡಿಸಬಹುದಾದ ಗುರುತುಗಳು. ಅಂಕಪಟ್ಟಿಗಳಿಗಿಂತ ಇವೇ ಹೆಚ್ಚು ಬೆಲೆಬಾಳುವವು, ಏಕೆಂದರೆ ಇವುಗಳ ಬಗ್ಗೆ ಇವತ್ತೇ ಏನಾದರೂ ಮಾಡಬಹುದು. ಪೊಟ್ಯಾಸಿಯಂ 3.5ಕ್ಕಿಂತ ಕೆಳಗೆ ಹೋದರೆ ಕರುಳು ಸೋಮಾರಿಯಾಗುತ್ತದೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಎಷ್ಟು ಕೊಟ್ಟರೂ ಪೊಟ್ಯಾಸಿಯಂ ನಿಲ್ಲುವುದಿಲ್ಲ, ಎರಡನ್ನೂ ಒಟ್ಟಿಗೆ ನೋಡಬೇಕು. ಸಕ್ಕರೆ 200 ದಾಟಿದರೆ ಹೊಟ್ಟೆ ಖಾಲಿಯಾಗುವುದು ನಿಧಾನ. ದ್ರವದ ಲೆಕ್ಕ ದಿನದಿನಕ್ಕೂ ಕೂಡಿಕೊಳ್ಳುತ್ತಿದ್ದರೆ, ಆಲ್ಬುಮಿನ್ ಕುಸಿದಿದ್ದರೆ, ನೋವಿನ ಔಷಧಿಯ ಪ್ರಮಾಣ ಏರುತ್ತಿದ್ದರೆ ಗಮನಿಸಿ. ಸಿ.ಟಿ.ಯಲ್ಲಿ ಹೊಟ್ಟೆಯನ್ನು ಒತ್ತುವ ದ್ರವದ ಶೇಖರ, ಊದಿದ ಕರುಳು ಕಂಡರೆ ವರದಿಯ ಕೊನೆಯ ಸಾಲಷ್ಟೇ ಓದದೆ ರೇಡಿಯಾಲಜಿಸ್ಟ್ ಹತ್ತಿರ ನೇರವಾಗಿ ಕೇಳಿ: ‘ಡುವೋಡಿನಮ್ ದಾರಿ ತೆರೆದಿದೆಯೇ?’

ಸ್ಟೆತಸ್ಕೋಪಿನಲ್ಲಿ ಕರುಳಿನ ಸದ್ದು ಕೇಳದಿರುವುದು ಮಾತ್ರ ಫೀಡ್ ತಡೆಹಿಡಿಯಲು ಕಾರಣವಲ್ಲ. ಗಾಳಿ ಹೋಗಲಿ ಎಂದು ಕಾಯುವುದೂ ಬೇಕಿಲ್ಲ.

ಹೊಟ್ಟೆಯೊಳಗಿನ ಒತ್ತಡ ಅಳೆಯುವುದು ಹೇಗೆ? ನಮ್ಮಲ್ಲಿ ಅದರ ಕಿಟ್ ಇಲ್ಲ.

ಕಿಟ್ ಇಲ್ಲದಿದ್ದರೂ ಆಗುತ್ತದೆ. ಮೂತ್ರಕ್ಕೆ ಹಾಕಿದ ಕ್ಯಾಥೆಟರ್, ತ್ರೀ-ವೇ, ಸ್ಟೆರೈಲ್ ಸಲೈನ್, ಐ.ವಿ. ಸೆಟ್ ಮತ್ತು ಸೆಂಟಿಮೀಟರ್ ಸ್ಕೇಲ್ ಸಾಕು. ಸಿ.ವಿ.ಪಿ. ಮ್ಯಾನೋಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಫೀಡ್ ಓಡುತ್ತಿದ್ದರೆ ಅಷ್ಟು ಹೊತ್ತು ನಿಲ್ಲಿಸಿ, ರೋಗಿಯನ್ನು ಸಮತಟ್ಟಾಗಿ ಮಲಗಿಸಿ. ತಲೆ ಎತ್ತಿಟ್ಟು ಅಳೆದರೆ ಅಂಕಿ ಹೆಚ್ಚು ಬರುತ್ತದೆ. ತಲೆ ಇಳಿಸಲು ಆಗದ ರೋಗಿಯಾದರೆ ಪ್ರತಿ ಸಲವೂ ಅದೇ ಕೋನದಲ್ಲಿ ಅಳೆದು, ಕೋನವನ್ನೂ ಬರೆಯಿರಿ. ಕೈ ತೊಳೆದು, ಕ್ಯಾಥೆಟರಿನ ಚೀಲದ ಕಡೆ ಕ್ಲ್ಯಾಂಪ್ ಹಾಕಿ. ಮೂತ್ರಚೀಲ ಖಾಲಿ ಇರಬೇಕು. 25 ಮಿ.ಲೀ. ಸಲೈನ್ ಒಳಗೆ ಬಿಡಿ, ಅದಕ್ಕಿಂತ ಹೆಚ್ಚು ಬೇಡ. 50, 100 ಮಿ.ಲೀ. ಹಾಕುವ ಹಳೆಯ ರೂಢಿಯಿಂದ ಒತ್ತಡ ಸುಳ್ಳಾಗಿ ಏರುತ್ತದೆ. 30ರಿಂದ 60 ಸೆಕೆಂಡ್ ಕಾಯಿರಿ, ಮೂತ್ರಚೀಲದ ಸ್ನಾಯು ಸಡಿಲಾಗಲಿ. ಕಂಕುಳಿನ ಮಧ್ಯದಿಂದ ಕೆಳಗೆ ಎಳೆದ ಗೆರೆ ಸೊಂಟದ ಎಲುಬಿನ ಏಣನ್ನು ಕೂಡುವ ಜಾಗವೇ ಸೊನ್ನೆ. ಅಲ್ಲಿ ಪೆನ್ನಿನಿಂದ ಗುರುತು ಮಾಡಿದರೆ ಮುಂದಿನ ಶಿಫ್ಟಿನವರೂ ಅಲ್ಲಿಂದಲೇ ಅಳೆಯುತ್ತಾರೆ. ಉಸಿರು ಬಿಟ್ಟ ಕೊನೆಯಲ್ಲಿ ನೀರಿನ ಕಂಬ ನಿಂತ ಎತ್ತರ ಓದಿ.

ಬಂದದ್ದು ನೀರಿನ ಸೆಂಟಿಮೀಟರ್. 1.36ರಿಂದ ಭಾಗಿಸಿದರೆ ಪಾದರಸದ ಮಿಲಿಮೀಟರ್. ಗೋಡೆಗೆ ಅಂಟಿಸಿಕೊಳ್ಳಬಹುದಾದ ಲೆಕ್ಕ: 16 ಸೆಂ.ಮೀ. ಅಂದರೆ ಸುಮಾರು 12, 20 ಅಂದರೆ ಸುಮಾರು 15, 27 ಅಂದರೆ ಸುಮಾರು 20. ಈ ಪರಿವರ್ತನೆ ಮರೆತು 20 ಸೆಂಟಿಮೀಟರನ್ನೇ 20 ಎಂದು ಬರೆದುಬಿಟ್ಟರೆ ಕೊಡಬಹುದಾದ ಫೀಡನ್ನು ಸುಮ್ಮನೆ ನಿಲ್ಲಿಸಿದಂತಾಗುತ್ತದೆ. ಕೆಮ್ಮು, ನೋವಿನ ಮುಲುಕು, ವೆಂಟಿಲೇಟರ್ ಜೊತೆ ಗುದ್ದಾಟ ಇದ್ದಾಗ ಬಂದ ಅಂಕಿ ನಂಬಬೇಡಿ. ಕೊನೆಗೆ ಕ್ಲ್ಯಾಂಪ್ ತೆಗೆದು, ತಲೆ ಮತ್ತೆ ಎತ್ತಿ, ಫೀಡ್ ಬಿಡಿ, ಮೂತ್ರದ ಲೆಕ್ಕದಿಂದ 25 ಮಿ.ಲೀ. ಕಳೆಯಿರಿ. 4ರಿಂದ 6 ಗಂಟೆಗೊಮ್ಮೆ ಸಾಕು.

ನೋಮೋಗ್ರಾಂ (ಅಪಾಯ ಲೆಕ್ಕ ಹಾಕುವ ನಕ್ಷೆ), ಆ್ಯಪ್‌ಗಳು ಶೇಕಡಾವಾರು ಅಪಾಯ ಹೇಳುತ್ತವೆ. ನಂಬಬಹುದೇ?

ನೋಡಬಹುದು, ಅದರ ಮೇಲೇ ತೀರ್ಮಾನ ಕಟ್ಟಬಾರದು. ಇಂಥ ಹಲವು ಮಾದರಿಗಳು ಚೀನಾದ ಒಂದೊಂದೇ ಆಸ್ಪತ್ರೆಯ ದಾಖಲೆಯಿಂದ ಹುಟ್ಟಿದವು. ಅಲ್ಲಿನ ರೋಗಿಗಳ ತೂಕ, ಕಾರಣ, ಫೀಡ್ ಶುರುಮಾಡುವ ಪದ್ಧತಿ ನಮ್ಮದಲ್ಲ. ನಮ್ಮಲ್ಲಿ ಮದ್ಯ ಮತ್ತು ಪಿತ್ತಕೋಶದ ಕಲ್ಲು ಮುಖ್ಯ ಕಾರಣಗಳಾದರೆ ಅಲ್ಲಿ ಟ್ರೈಗ್ಲಿಸರೈಡ್ ಏರಿ ಬರುವ ಪ್ರಕರಣಗಳೂ ಬಹಳ.

ಮಾದರಿಯೊಂದನ್ನು ಓದುವಾಗ ಮೂರು ಪ್ರಶ್ನೆ ಕೇಳಿ. ಅದು ‘ಹಿಡಿಸದಿರುವುದು’ ಎಂದು ಯಾವುದನ್ನು ಲೆಕ್ಕ ಹಾಕಿದೆ? ಬರೀ ಭೇದಿಯನ್ನೂ ಸೇರಿಸಿದ್ದರೆ ಅಪಾಯ ಹಿಗ್ಗಿ ಕಾಣುತ್ತದೆ. ಅದರಲ್ಲಿ ಬಳಸಿದ ಅಳತೆಗಳು ಫೀಡ್ ಶುರುವಾಗುವ ಮುಂಚಿನವೇ? ಶುರುವಾದ ನಂತರದ ಒತ್ತಡ ಅಥವಾ ಸಕ್ಕರೆ ಸೇರಿಸಿದ್ದರೆ ಅದು ಮುನ್ಸೂಚನೆಯಲ್ಲ, ಆಗುತ್ತಿರುವುದರ ವರದಿ. ಬೇರೆ ಊರಿನ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆಯೇ? ವಕ್ರರೇಖೆಯ ಕೆಳಗಿನ ವಿಸ್ತೀರ್ಣ 0.85 ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಅದು ಹೇಳುವುದು ಹೆಚ್ಚು ಅಪಾಯದವರನ್ನು ಕಡಿಮೆ ಅಪಾಯದವರಿಂದ ಬೇರ್ಪಡಿಸುವ ಶಕ್ತಿಯನ್ನು ಮಾತ್ರ. ಶೇ 40 ಅಪಾಯ ಎಂದ ನೂರು ಜನರಲ್ಲಿ ನಿಜವಾಗಿ 40 ಮಂದಿಗೆ ಹಿಡಿಸದೆ ಹೋಯಿತೇ ಎಂಬುದು ಬೇರೆಯೇ ಪರೀಕ್ಷೆ.

ಎಲ್ಲಕ್ಕಿಂತ ದೊಡ್ಡ ತಪ್ಪು, ಅಪಾಯ ಹೆಚ್ಚು ಎಂದು ಬಂದ ಕೂಡಲೇ ಫೀಡನ್ನೇ ಕೈಬಿಡುವುದು. ಮುನ್ಸೂಚನೆ ಇರುವುದು ಎಷ್ಟು ವೇಗದಲ್ಲಿ, ಎಲ್ಲಿಗೆ, ಎಷ್ಟು ಸಲ ನೋಡುತ್ತಾ ಕೊಡಬೇಕು ಎಂದು ತೀರ್ಮಾನಿಸಲು.

ಹಾಗಾದರೆ ಅಪಾಯ ಹೆಚ್ಚಿರುವವರಿಗೆ ಏನು ಬದಲಿಸಬೇಕು?

ಒತ್ತಡ 15ರ ಕೆಳಗಿದ್ದರೆ ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬೇ ಹೆಚ್ಚಿನವರಿಗೆ ಸಾಕು. ಗಂಟೆಗೆ 20ರಿಂದ 25 ಮಿ.ಲೀ., ಒಂದೇ ಸಮನೆ. ಬೋಲಸ್ (ಒಮ್ಮೆಗೇ ತಳ್ಳುವುದು) ಬೇಡ. ಹಿಡಿಸಿದರೆ 8ರಿಂದ 12 ಗಂಟೆಗೊಮ್ಮೆ 10ರಿಂದ 20 ಮಿ.ಲೀ. ಏರಿಸಿ. ಗುರಿ ಕಿಲೋಗೆ 25 ಕಿಲೋಕ್ಯಾಲರಿ, ಪ್ರೋಟೀನ್ 1.2ರಿಂದ 1.5 ಗ್ರಾಂ. ಮೊದಲ ದಿನವೇ ಗುರಿ ಮುಟ್ಟುವ ಹಟ ಬೇಡ, ಮೂರು ನಾಲ್ಕು ದಿನ ತೆಗೆದುಕೊಳ್ಳಲಿ. ತಲೆ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ.

15 ದಾಟಿದರೆ, ಡುವೋಡಿನಮ್ ಒತ್ತಿಕೊಂಡಿದ್ದರೆ, ಅಥವಾ ರೈಲ್ಸ್ ಟ್ಯೂಬಿನಲ್ಲಿ ಮತ್ತೆ ಮತ್ತೆ ವಾಂತಿಯಾದರೆ ನಳಿಕೆಯ ತುದಿ ಡುವೋಡಿನಮ್ ದಾಟಿದ ಸಣ್ಣ ಕರುಳಿನ ಭಾಗವಾದ ಜೆಜುನಮ್‌ಗೆ ಹೋಗಬೇಕು. ಗಂಟೆಗೆ 20 ಮಿ.ಲೀ.ನಿಂದ ಶುರು. ಎಂಡೋಸ್ಕೋಪಿಯಿಂದ ಹಾಕಿದರೂ ಹಾಸಿಗೆ ಪಕ್ಕದಲ್ಲೇ ಹಾಕಿದರೂ ಎಕ್ಸ್‌ರೇ ನೋಡದೆ ಫೀಡ್ ಬಿಡಬೇಡಿ. ಜೆಜುನಮ್‌ಗೆ ಶೇಖರಿಸುವ ಜಾಗವಿಲ್ಲ, ಹಾಗಾಗಿ ಸಿರಿಂಜಿನಿಂದ ಒಮ್ಮೆಗೇ ತಳ್ಳಿದರೆ ನೋವು, ಭೇದಿ ಖಚಿತ. ಈ ನಳಿಕೆ ಸಣ್ಣದು, ಬೇಗ ಕಟ್ಟುತ್ತದೆ. 4 ಗಂಟೆಗೊಮ್ಮೆ 20ರಿಂದ 30 ಮಿ.ಲೀ. ನೀರು ಹಾಯಿಸಿ, ಪುಡಿ ಮಾಡಿದ ಮಾತ್ರೆಯನ್ನು ಸಾಧ್ಯವಾದಷ್ಟು ಇದರಲ್ಲಿ ಹಾಕಬೇಡಿ. ಹೊಟ್ಟೆ ಉಬ್ಬಿದ್ದರೆ ರೈಲ್ಸ್ ಟ್ಯೂಬನ್ನು ಸೋರಿಸಲು ಬಿಟ್ಟು, ಜೆಜುನಮ್ ನಳಿಕೆಯಲ್ಲಿ ಫೀಡ್ ಮುಂದುವರಿಸಬಹುದು.

ಹೊಟ್ಟೆ ಖಾಲಿಯಾಗದಿದ್ದರೆ ಎರಿತ್ರೋಮೈಸಿನ್ 100ರಿಂದ 250 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಎರಡರಿಂದ ನಾಲ್ಕು ದಿನ. ಇಲ್ಲವೇ ಮೆಟೋಕ್ಲೋಪ್ರಮೈಡ್ 10 ಮಿ.ಗ್ರಾಂ., ಮೂತ್ರಪಿಂಡ ಸೋತಿದ್ದರೆ ಪ್ರಮಾಣ ಇಳಿಸಿ. ಮೊದಲು ದಾರಿ ಮುಚ್ಚಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಇ.ಸಿ.ಜಿ.ಯಲ್ಲಿ ಕ್ಯೂಟಿ ಅಂತರ ಉದ್ದವಾಗಿದೆಯೇ ನೋಡಿ. ಕೆಲ ದಿನಗಳಲ್ಲೇ ಇವುಗಳ ಪರಿಣಾಮ ಕುಗ್ಗುವುದರಿಂದ ಎಳೆಯುತ್ತಾ ಹೋಗಬೇಡಿ.

ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಪಂಪ್ ಒಂದೇ ಇದೆ. ಡ್ರಿಪ್‌ನಲ್ಲಿ ಕೊಡಬಹುದೇ?

ಹೊಟ್ಟೆಗೆ ಕೊಡಬಹುದು. ಮಿ.ಲೀ.ಗೆ 20 ಹನಿ ಬೀಳುವ ಸೆಟ್ ಆದರೆ ಗಂಟೆಯ ಮಿ.ಲೀ.ಯನ್ನು ಮೂರರಿಂದ ಭಾಗಿಸಿ: 20 ಮಿ.ಲೀ.ಗೆ ನಿಮಿಷಕ್ಕೆ 7 ಹನಿ, 60 ಮಿ.ಲೀ.ಗೆ 20 ಹನಿ. ಸೆಟ್‌ನ ಕವರ್ ಮೇಲೆ ಹನಿ ಲೆಕ್ಕ ನೋಡಿಕೊಳ್ಳಿ. ಫೀಡ್ ದಪ್ಪವಾಗಿದ್ದರೆ ಹನಿ ಲೆಕ್ಕ ತಪ್ಪುತ್ತದೆ, ರೋಲರ್ ಜಾರುತ್ತದೆ. ಆದ್ದರಿಂದ ಬಾಟಲಿಗೆ ಪಟ್ಟಿ ಅಂಟಿಸಿ ಗಂಟೆಗೊಂದು ಗೆರೆ ಹಾಕಿ. ಐ.ವಿ. ಸೆಟ್ ಬಳಸಬೇಡಿ, ಫೀಡ್ ರಕ್ತನಾಳಕ್ಕೆ ಹೋದ ದುರಂತಗಳು ಆದದ್ದು ಹಾಗೆಯೇ. ಇರುವ ಒಂದು ಪಂಪನ್ನು ಜೆಜುನಮ್ ನಳಿಕೆಯ ರೋಗಿಗೆ ಕೊಡಿ, ಬ್ಯಾಟರಿ ಸದಾ ಚಾರ್ಜ್‌ನಲ್ಲಿರಲಿ.

ಹೊಟ್ಟೆಯಲ್ಲಿ ಉಳಿದ ಫೀಡನ್ನು ಎಳೆದು ನೋಡಬೇಕೇ?

ಎಲ್ಲರಿಗೂ ಬೇಡ. ಅಪಾಯ ಹೆಚ್ಚಿರುವವರಿಗೆ, ಶುರುವಿನ ದಿನಗಳಲ್ಲಿ 6 ಗಂಟೆಗೊಮ್ಮೆ ನೋಡಬಹುದು. 6 ಗಂಟೆಯಲ್ಲಿ 500 ಮಿ.ಲೀ. ದಾಟಿದರೆ ತಡೆಹಿಡಿಯಿರಿ. 200ರಿಂದ 500ರ ನಡುವೆ ಇದ್ದು ಹೊಟ್ಟೆ ಮೆತ್ತಗಿದ್ದರೆ ವೇಗ ಏರಿಸಬೇಡಿ, ಆದರೆ ನಿಲ್ಲಿಸಲೂ ಬೇಡಿ. 150 ಬಂತೆಂದು ನಿಲ್ಲಿಸುವುದು ಇನ್ನೂ ಕೆಲವೆಡೆ ಇದೆ. ರೋಗಿ ಹಸಿವಿನಲ್ಲಿ ಉಳಿಯುವುದು ಅದರಿಂದಲೇ.

ಭೇದಿಯಾದರೆ ಫೀಡ್ ನಿಲ್ಲಿಸಬೇಕೇ?

ಸಾಮಾನ್ಯವಾಗಿ ಇಲ್ಲ. ಮೊದಲು ಔಷಧಿ ಚಾರ್ಟ್ ನೋಡಿ: ಸಾರ್ಬಿಟಾಲ್ ಇರುವ ಸಿರಪ್‌ಗಳು, ಮಲ ಸಡಿಲಿಸುವ ಔಷಧಿ, ಆ್ಯಂಟಿಬಯೋಟಿಕ್. ನಂತರ ಫೀಡ್ ಕಲಸಿ ಎಷ್ಟು ಹೊತ್ತಾಯಿತು ನೋಡಿ. ಪುಡಿ ಕಲಸಿದ ಫೀಡ್ 4 ಗಂಟೆಗಿಂತ ಹೆಚ್ಚು ತೂಗುಹಾಕಬಾರದು, ಸೆಟ್ ದಿನಕ್ಕೊಮ್ಮೆ ಬದಲಾಗಬೇಕು. ಮಲ ಜಿಡ್ಡಾಗಿ, ತೇಲುತ್ತಾ, ವಾಸನೆಯಿದ್ದರೆ ಮೇದೋಜೀರಕದ ಕಿಣ್ವ ಸಾಲುತ್ತಿಲ್ಲ. ಪೆಪ್ಟೈಡ್ ಫೀಡ್ (ಪ್ರೋಟೀನನ್ನು ಮೊದಲೇ ಒಡೆದಿಟ್ಟ ಆಹಾರ) ಅಥವಾ ಕಿಣ್ವ ಕೊಡಬೇಕಾಗಬಹುದು.

ಯಾವಾಗ ತಕ್ಷಣ ನಿಲ್ಲಿಸಿ ವೈದ್ಯರನ್ನು ಕರೆಯಬೇಕು?

ಒತ್ತಡ 20 ದಾಟಿದಾಗ. ನಾರ್‌ಅಡ್ರಿನಲಿನ್ ಗಂಟೆಗಂಟೆಗೂ ಏರುತ್ತಾ, ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿರುವುದರ ಗುರುತು) ಇಳಿಯದಿದ್ದಾಗ. ಹೊಟ್ಟೆ ಹಲಗೆಯಂತೆ ಬಿಗಿಯಾದಾಗ, ನಳಿಕೆಯಲ್ಲಿ ರಕ್ತ ಅಥವಾ ಮಲದ ವಾಸನೆಯ ದ್ರವ ಬಂದಾಗ, ಮಲದಲ್ಲಿ ರಕ್ತ ಕಂಡಾಗ. ರಕ್ತ ಸಾಲದ ಕರುಳಿಗೆ ಆಹಾರ ಹಾಕಿದರೆ ಕರುಳು ಸಾಯುವ ಅಪಾಯವಿದೆ. ಆ ಹೊತ್ತಿನಲ್ಲಿ ‘ಸ್ವಲ್ಪ ನಿಧಾನ ಮಾಡಿ ನೋಡೋಣ’ ಸಲ್ಲದು. ಹೀಗೆ ಕರುಳಿನಿಂದ ಕೊಡಲಾಗದವರಿಗೆ ರಕ್ತನಾಳದ ಪೋಷಣೆ ಇದ್ದೇ ಇದೆ.

ಮನೆಯಿಂದ ಗಂಜಿ, ಮಜ್ಜಿಗೆ, ಎಳನೀರು ತಂದರೆ ನಳಿಕೆಯಲ್ಲಿ ಹಾಕುತ್ತೀರಾ?

ಗಂಭೀರ ಹಂತದಲ್ಲಿ ಬೇಡ. ಗಂಜಿಯಲ್ಲಿ ಪ್ರೋಟೀನ್ ತೀರಾ ಕಡಿಮೆ, ನಳಿಕೆಯೂ ಕಟ್ಟುತ್ತದೆ. ಎಳನೀರಿನ ಪೊಟ್ಯಾಸಿಯಂ ಮೂತ್ರಪಿಂಡ ಸೋತವರಿಗೆ ಹೃದಯದ ಬಡಿತವನ್ನೇ ಕೆಡಿಸಬಹುದು. ಮಜ್ಜಿಗೆಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. 2008ರಲ್ಲಿ ಪ್ರಕಟವಾದ ಪ್ರೊಪ್ಯಾಟ್ರಿಯಾ ಅಧ್ಯಯನದಲ್ಲಿ ಇಂಥ ರೋಗಿಗಳಿಗೆ ನಳಿಕೆಯಲ್ಲಿ ಪ್ರೋಬಯಾಟಿಕ್ ಕೊಟ್ಟಾಗ ಸಾವು ಶೇ 16, ಕೊಡದವರಲ್ಲಿ ಶೇ 6. ಅಲ್ಲಿ ಕೊಟ್ಟದ್ದು ಮಜ್ಜಿಗೆಯಲ್ಲ, ಆದರೆ ಕರುಳು ಇಷ್ಟು ಬಳಲಿದ್ದಾಗ ಆ ಅಪಾಯ ಬೇಡ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ನಮಗೂ ಕಷ್ಟ. ಮನೆಯವರು ನಿಜವಾಗಿ ಸಹಾಯ ಮಾಡಬಹುದಾದದ್ದು ಬೇರೆ: ಕಾಯಿಲೆಗೆ ಮುಂಚಿನ ತೂಕ ಎಷ್ಟು, ಕೊನೆಯದಾಗಿ ಸರಿಯಾಗಿ ಊಟ ಮಾಡಿದ್ದು ಯಾವತ್ತು, ಸಕ್ಕರೆ ಕಾಯಿಲೆ ಇದೆಯೇ, ಕುಡಿತ ಎಷ್ಟು – ಇವನ್ನು ಮುಚ್ಚಿಡದೆ ಹೇಳಿ.

ಕುಡಿತದ ವಿಷಯ ಫೀಡ್‌ಗೆ ಯಾಕೆ ಬೇಕು?

ವರ್ಷಗಟ್ಟಲೆ ಕುಡಿದು, ಸರಿಯಾಗಿ ಉಣ್ಣದವರ ದೇಹದಲ್ಲಿ ಥಯಾಮಿನ್ (ವಿಟಮಿನ್ ಬಿ1) ಮತ್ತು ಫಾಸ್ಫೇಟ್ ಬರಿದಾಗಿರುತ್ತವೆ. ಏಕಾಏಕಿ ಕ್ಯಾಲರಿ ಸಿಕ್ಕಾಗ ಉಳಿದ ಫಾಸ್ಫೇಟ್ ಜೀವಕೋಶದೊಳಗೆ ಹೋಗಿ, ಉಸಿರಾಟದ ಸ್ನಾಯುಗಳೇ ಸೋಲಬಹುದು. ಫೀಡ್‌ಗೆ ಮುಂಚೆಯೇ ಥಯಾಮಿನ್ 100ರಿಂದ 300 ಮಿ.ಗ್ರಾಂ. ರಕ್ತನಾಳಕ್ಕೆ ಹೋಗಬೇಕು. ಫಾಸ್ಫೇಟ್ 2 ಮಿ.ಗ್ರಾಂ.ಗಿಂತ ಕೆಳಗಿಳಿದರೆ 48 ಗಂಟೆ ಕ್ಯಾಲರಿ ತಗ್ಗಿಸಿ, ದಿನಕ್ಕೆ ಎರಡು ಮೂರು ಸಲ ಪರೀಕ್ಷಿಸಿ ತುಂಬಿಕೊಡಬೇಕು. ಲೈನ್ ಮನೆಯ ಕಾರ್ಮಿಕರೇ ಆಗಲಿ ತೋಟದ ಮಾಲೀಕರೇ ಆಗಲಿ, ನಾಚಿಕೆಯಿಂದ ಇದನ್ನು ಮರೆಮಾಚಿದರೆ ನಷ್ಟ ರೋಗಿಗೆ.

ಮೈಸೂರಿಗೋ ಮಂಗಳೂರಿಗೋ ಕಳುಹಿಸುವಾಗ ಫೀಡ್ ಏನು ಮಾಡಬೇಕು?

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಂಗಳೂರಿನ ದಾರಿಯಲ್ಲಿ ಸಂಪಾಜೆ ಘಾಟಿಯ ತಿರುವುಗಳಿವೆ. ಹೊರಡುವ ಮೊದಲು ಫೀಡ್ ನಿಲ್ಲಿಸಿ, ಹೊಟ್ಟೆಯಲ್ಲಿರುವುದನ್ನು ಎಳೆದು, ರೈಲ್ಸ್ ಟ್ಯೂಬನ್ನು ಚೀಲಕ್ಕೆ ಸೋರಲು ಬಿಡಿ. ಮೂಗಿನ ಬಳಿ ನಳಿಕೆ ಎಷ್ಟು ಸೆಂಟಿಮೀಟರಿನಲ್ಲಿದೆ ಎಂದು ಬರೆದು ಗಟ್ಟಿಯಾಗಿ ಟೇಪ್ ಹಾಕಿ. ಇನ್ಸುಲಿನ್ ಡ್ರಿಪ್ ಓಡುತ್ತಿದ್ದರೆ ಅದನ್ನೂ ಆಗಲೇ ನಿಲ್ಲಿಸಿ ಅಥವಾ ಡೆಕ್ಸ್‌ಟ್ರೋಸ್ ಜೊತೆಗೆ ಹೊಂದಿಸಿ. ಫೀಡ್ ನಿಂತು ಇನ್ಸುಲಿನ್ ಮುಂದುವರಿದರೆ ದಾರಿಯಲ್ಲೇ ಸಕ್ಕರೆ ಕುಸಿಯುತ್ತದೆ. ಗಂಟೆಗೊಮ್ಮೆ ಗ್ಲುಕೋಮೀಟರ್ ನೋಡಿ. ರೆಫರಲ್ ಪತ್ರದಲ್ಲಿ ಫೀಡ್ ಶುರುವಾದ ದಿನ, ಮುಟ್ಟಿದ ಅತಿ ಹೆಚ್ಚಿನ ವೇಗ, ನಿಲ್ಲಿಸಿದ ಕಾರಣಗಳು, ಕೊನೆಯ ಮೂರು ಒತ್ತಡದ ಅಂಕಿ ಮತ್ತು ಅವು ಸೆಂಟಿಮೀಟರೋ ಮಿಲಿಮೀಟರೋ ಎಂಬುದು ಇರಲಿ.

ಬಾಯಿಂದ ಊಟ ಯಾವಾಗ?

ಅಂಗಗಳು ಚೇತರಿಸಿ, ನೋವು ತಗ್ಗಿ, ತಾನಾಗಿ ಹಸಿವು ಎನ್ನುವಾಗ. ಅಮೈಲೇಸ್, ಲೈಪೇಸ್ ಸಾಮಾನ್ಯಕ್ಕೆ ಬರಲಿ ಎಂದು ಕಾಯಬೇಕಿಲ್ಲ. ಮೆತ್ತಗಿನ, ಜಿಡ್ಡು ಕಡಿಮೆಯ ಅನ್ನ, ಬೇಳೆಕಟ್ಟು, ಎಣ್ಣೆ ಹಾಕದ ನೂಲ್ಪುಟ್ಟು – ಸ್ವಲ್ಪ ಸ್ವಲ್ಪವಾಗಿ ಐದಾರು ಸಲ. ಬಾಯಿಂದ ಅಗತ್ಯದ ಮುಕ್ಕಾಲು ಪಾಲು ಹೋಗುವವರೆಗೆ ರಾತ್ರಿ ಹೊತ್ತು ನಳಿಕೆ ಫೀಡ್ ಮುಂದುವರಿಸುವುದು ಒಳ್ಳೆಯದು. ಪಂದಿಕರಿಯಂಥ ಜಿಡ್ಡಿನ ಅಡುಗೆಗೆ ತಿಂಗಳುಗಳ ನಂತರ, ವೈದ್ಯರನ್ನು ಕೇಳಿಯೇ ಮರಳಬೇಕು. ಮದ್ಯಕ್ಕೆ ಮರಳಲೇಬಾರದು. ಕಲ್ಲಿನಿಂದ ಬಂದ ಕಾಯಿಲೆಯಾದರೆ, ದ್ರವದ ಶೇಖರಗಳು ಕರಗಿದ ಮೇಲೆ ಪಿತ್ತಕೋಶ ತೆಗೆಸುವ ದಿನಾಂಕವನ್ನು ಡಿಸ್ಚಾರ್ಜ್ ಆಗುವಾಗಲೇ ಕೇಳಿ ಬರೆಸಿಕೊಳ್ಳಿ.